ನಮ್ಮ ಗುಡ್ಡ ಸಣ್ಣವ, ಖರೇ

ಹೋದ ವರ್ಷ ದೀಪಾವಳಿ ಮುಗದು ಒಂದು ವಾರಕ್ಕ ನಮ್ಮ ನಾದಿನಿಯ ಬೀಗರು ಮನಿಗಿ ಬಂದಿದ್ರು. ಸಾಗರದ ಕಡಿ ಮಂದಿ. ಅವರ ಊರಾಗ ಮನಿ ಹಿಂದ ಅಡವಿ, ಮನಿ ಮುಂದ ಅಡಿಕಿ ತ್ವಾಟ, ವರ್ಷದಾಗ ಅರ್ಧಾ ದಿನ ಮಳಿ. ಹಂತಾ ಮಂದೀನ ನಾ ಚಿಂಚೋಳಿ ಗುಡ್ಡ ತೋರಸ್ತೀನಿ ಬರ್ರಿ ಅಂತ ಗಾಡಿ ಮಾಡಿ ಕರಕೊಂಡು ಹೋದೆ. ಸೇಡಂ ಬಿಟ್ಟು ಭಾಳ ಹೊತ್ತಾಗಿತ್ತು. ಬೀಗತಿ ಕಿಡಕ್ಯಾಗಿಂದ ನೋಡಿ ನೋಡಿ ಕೇಳಿದ್ಳು, "ಗುಡ್ಡ ಎಲ್ಲಿ ಬರುತ್ತೆ?" ನಾ ಅಂದೆ, "ಬಂದದ್ರೀ, ಇದೇ ಗುಡ್ಡ." ಆಕಿ ಒಂದು ಘಳಗಿ ಸುಮ್ನಿದ್ದು, ಭಾಳ ಮರ್ಯಾದಿಲೇ ಅಂದ್ಳು, "ನಮ್ಮ ಕಡೆ ಇದಕ್ಕೆ ದಿಬ್ಬ ಅಂತೀವಿ."

ಗಾಡ್ಯಾಗ ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆದ್ರ ಮನಸಿಗಿ ಜರಾ ಚುರ್ ಅಂತು. ಯಾಕಂದ್ರ ನನ್ನ ತವರುಮನಿ ಆ ಗುಡ್ಡದ ಬುಡಕೇ ಅದ. ಸಣ್ಣಾಕಿ ಇದ್ದಾಗ ಅದಕ್ಕಿಂತ ಎತ್ತರದ್ದು ಭೂಮಿ ಮ್ಯಾಲ ಇಲ್ಲಂತ ತಿಳಕೊಂಡಿದ್ದೆ.

ನಮ್ಮ ಕಡಿ ಮಂದಿಗಿ ಒಂದು ಚಟ ಅದ. ಯಾರಾದ್ರೂ ಪರಊರಿಂದ ಬಂದ್ರ ನಾವೇ ಮೊದಲ ಹೇಳ್ತೀವಿ, "ನಮ್ಮಲ್ಲಿ ನೋಡ್ಲಾಕ ಏನದ್ರೀ, ಬರೇ ಬಿಸ್ಲು, ಧೂಳು." ನೀವೂ ಹೇಳಿರ್ತೀರಿ. ನಾನೂ ಮೂವತ್ತು ವರ್ಷ ಹಂಗೇ ಹೇಳ್ಕೋತ ಬಂದೀನಿ. ಪಿಯುಸಿಯಾಗ ಇತಿಹಾಸ ಓದಿದಾಕಿ, ಪರೀಕ್ಷಾದಾಗ ಮಾನ್ಯಖೇಟ ಅಂತ ಬರದು ಮಾರ್ಕ್ಸ್ ತಗೊಂಡಾಕಿ, ಆ ಮಾನ್ಯಖೇಟ ನಾವು ಸಂತಿಗಿ ಹೋಗೋ ಹಾದ್ಯಾಗಿನ ಮಳಖೇಡೇ ಅಂತ ಮನಸಿಗಿ ಹತ್ತಿದ್ದು ಮದುವಿಯಾಗಿ ಎಷ್ಟೋ ದಿನಕ್ಕ. ಆ ಬೀಗರ ಕೂಡ ಎರಡು ದಿನ ತಿರಗಾಡಿದ ಮ್ಯಾಲ ಅನಿಸ್ತು, ನಮ್ಮ ನೆಲದ ಮಾತು ನಾವೇ ಒಂದಷ್ಟು ತಿಳಕೊಂಡು ಇಟ್ಟಿರಬೇಕು ಅಂತ. ಬ್ಯಾಸಗಿ ಸೂಟಿಗಿ ನಿಮ್ಮ ಮನಿಗೂ ಸೊಸ್ತೇರು, ಮೊಮ್ಮಕ್ಕಳು ಬರ್ತಾರ. ಅವರಿಗಿ ಹೇಳ್ಲಾಕ ಆದೀತು.

ಮೊದಲ ನೆಲ. ಬೀದರ ಕಡಿಂದ ಒಂದು ಎತ್ತರದ ಬಯಲು ಬರ್ತದ, ಅದರ ಅಂಚು ಚಿಂಚೋಳಿಯೊಳಗ ಹರಕ ಹರಕ ಆಗಿ ಇಳೀತದ. ಆ ಅಂಚೇ ನಮ್ಮ ಗುಡ್ಡ. ಮ್ಯಾಲ ನಿಂತು ನೋಡಿದ್ರ ಗುಡ್ಡದ ತಲಿ ಚೂಪು ಇಲ್ಲ, ಪಡಸಾಲಿ ಹಂಗ ಸಪಾಟ ಅದ. ತಲಿ ಮ್ಯಾಲ ಕೆಂಪು ಕಲ್ಲು, ಬೀದರ ಕ್ವಾಟಿ ಕಟ್ಟ್ಯಾರಲ್ಲ, ಅದೇ ಜಾತಿ ಜಂಬಿಟ್ಟಿಗಿ ಕಲ್ಲು. ಅದರ ಕೆಳಗ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷದ ಹಿಂದ ನೆಲ ಸೀಳಿ ಹರದ ಬೆಂಕಿರಸ ಆರಿ ಆ ಕರಿಕಲ್ಲು ಆಗ್ಯಾದ. ಅದೇ ಕಲ್ಲು ಸವದು ಸವದು ನಮ್ಮ ಹೊಲದ ಎರಿ ಮಣ್ಣಾಗ್ಯಾದ. ತೊಗರಿ ಬೆಳಿಯೋ ಮಣ್ಣು ಅದೇ. ಅಲ್ಲಿಂದ ಇನ್ನಾ ಕೆಳಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡಿ ಇಳದ್ರ ಬೂದಿ ಬಣ್ಣದ ಫರಸಿ ಕಲ್ಲು. ಇದು ಆ ಕರಿಕಲ್ಲಿಗಿಂತ ಭಾಳ ಹಳೇದು, ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳ. ಅಂದ್ರ ನಮ್ಮ ಅಡಗಿ ಮನ್ಯಾಗ ನಾವು ದಿನಾ ಕಸ ಹೊಡಿಯೋದು ಸಮುದ್ರದ ತಳ ಮ್ಯಾಲ! ಈ ಮಾತು ಹೇಳಿದ್ಕೂಡ್ಲೇ ಬೀಗತಿ ತನ್ನ ಕಾಲಿನ ಕೆಳಗ ನೋಡ್ಕೊಂಡ್ಳು.

ಫರಸಿ ಕಲ್ಲಿನ ಗುಣ ಏನಂದ್ರ, ಅದು ಪದರ ಪದರ ಆಗಿ ಎದ್ದು ಬರ್ತದ, ಚಪಾತಿ ಪದರ ಬಿಡಿಸಿದಂಗ. ಉಳಿ ಇಟ್ಟು ಒಂದೇಟು ಹೊಡದ್ರ ಹಾಸುಗಲ್ಲು ತಯಾರ. ಅದಕ್ಕೇ ನಮ್ಮ ಹಳ್ಯಾಗ ಗ್ವಾಡಿನೂ ಅದೇ, ಮಾಳಗಿನೂ ಅದೇ, ದನದ ಗ್ವಾದಲಿ, ದೇವರ ಕಟ್ಟಿ, ಹೊಲದ ಬೇಲಿ, ಪಾತ್ರಿ ಇಡೋ ಮಾಡ, ಎಲ್ಲಾ ಅದೇ. ಮುಂಬೈ, ಪುಣೆ ಕಡಿ ಹಳೇ ಮನಿಗೋಳಾಗ ಸುದ್ದಾ ಇದೇ ಕಲ್ಲು ಹಾಸ್ಯಾರ, ಅಲ್ಲಿ ಅದಕ್ಕ ಊರಿನ ಹೆಸರೇ ಬಿದ್ದಾದ, ಶಹಾಬಾದಿ ಅಂತ. ಬ್ಯಾಸಗ್ಯಾಗ ಮಧ್ಯಾಹ್ನ ಸೆರಗು ಹಾಸ್ದೇ ಅದರ ಮ್ಯಾಲ ಮಲಗಿದ ಸುಖ ಯಾವ ಕೂಲರ್ ಕೊಟ್ಟೀತು ಹೇಳ್ರಿ.

ಹವಾ ಮಾತು ಮುಚ್ಚಿಡಾದು ಬ್ಯಾಡ. ಏಪ್ರಿಲ್, ಮೇ ತಿಂಗಳಾಗ 42, 43 ಡಿಗ್ರಿ ನಮಗ ಹೊಸಾದಲ್ಲ. ಆ ಹೊತ್ತಿನಾಗ ಯಾರಿಗೂ ಬರ್ರಿ ಅನಬ್ಯಾಡ್ರಿ. ಬರೋ ಮಂದಿಗಿ ಎರಡು ಹೊತ್ತು ಹೇಳ್ರಿ. ಒಂದು ಆಗಸ್ಟ್ ಸಪ್ಟೆಂಬರ್, ಮಳಿ ಹಿಡದಾಗ. ನಮ್ಮ ಜಿಲ್ಲಾದಾಗ ಚಿಂಚೋಳಿಗಿ ಮಳಿ ಜರಾ ಹೆಚ್ಚೇ. ಆಗ ಎತ್ತಿಪೋತಾ, ಮಾಣಿಕಪುರ ಜಲಪಾತ ಎರಡೂ ಬೀಳ್ತಾವ, ಗುಡ್ಡ ಪುರಾ ಹಸರ ಆಗ್ತದ. ಜೋಗ ನೋಡಿದವರಿಗಿ ಅದು ಸಣ್ಣದೇ ಅನ್ರಿ, ಆದ್ರ ಒಣಾ ನೆಲದಾಗ ಕಲ್ಲಿನ ಮ್ಯಾಲಿಂದ ನೀರು ಧುಮುಕಾದು ನೋಡಿದ್ರ ನಮ್ಮ ಹೊಟ್ಟಿ ತಣ್ಣಗ ಆಗ್ತದ. ಇನ್ನೊಂದು ಹೊತ್ತು ಎಳ್ಳ ಅಮಾಸಿ, ಡಿಸೆಂಬರ್ ಜನವರಿ. ಥಂಡಿ ಇರ್ತದ, ಹೊಲದಾಗ ಜ್ವಾಳ ತೊಗರಿ ಎದಿಮಟ್ಟ ಇರ್ತಾವ, ಚರಗ ಚೆಲ್ಲಿ ಹೊಲದಾಗೇ ಕುಂತು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣಾದು. ಪರಊರಿನವರಿಗಿ ಅದೊಂದು ಉಣಸಿದ್ರ ಸಾಕು, ಉಳಕಿದ್ದು ಅವರೇ ಹುಡುಕ್ಕೋತ ಬರ್ತಾರ. ಕಲಬುರಗಿ ತೊಗರಿಗಿ 2019ರಾಗ ಭೌಗೋಳಿಕ ಗುರುತು ಸಿಕ್ಕದ, ಒಂದು ಕಿಲೋ ಬ್ಯಾಳಿ ಕಟ್ಟಿ ಕಳಸ್ರಿ.

ಚಿಂಚೋಳಿ ಅಡವಿಯ ಸುಮಾರು 135 ಚದರ ಕಿಲೋಮೀಟರ್ ಜಾಗಾನ ಸರ್ಕಾರ 2011ರಾಗ ವನ್ಯಜೀವಿಧಾಮ ಅಂತ ಸಾರ್ಯಾದ. ದಕ್ಷಿಣ ಭಾರತದಾಗ ಒಣಭೂಮಿಗಿ ಇದೇ ಮೊದಲನೇ ವನ್ಯಜೀವಿಧಾಮ ಅಂತ ಹೇಳ್ತಾರ. ಒಳಗ ಸಾಗವಾನಿ ಅದ, ಶ್ರೀಗಂಧ, ರಕ್ತಚಂದನ ಅವ. ತೋಳ, ನರಿ, ಕತ್ತೆಕಿರುಬ, ಚಿಗರಿ ಅವ. ಹುಲಿ ಆನಿ ಇಲ್ಲ. ಬೀಗತಿಯ ಮೊಮ್ಮಗ ಬರೋವಾಗ ಹುಲಿ ಕೇಳ್ದ, ಹೋಗೋವಾಗ ಒಂದು ನವಿಲು ನೋಡಿ ಖುಷಿಯಾದ. ಚಂದ್ರಂಪಳ್ಳಿ ಡ್ಯಾಂ ನಡುವ ನಿಂತ್ರ ಮೂರೂ ಕಡಿ ಗುಡ್ಡ, ಕೆಳಗ ನೀರು. ಬೀಗತಿ ಅಲ್ಲಿ ದಿಬ್ಬದ ಮಾತು ಮತ್ತ ಎತ್ತಲಿಲ್ಲ.

ಆ ಗುಡ್ಡದ ಮ್ಯಾಲ, ಸಂದ್ಯಾಗ, ಲಂಬಾಣಿ ತಾಂಡಾ ಭಾಳ ಅವ. ನಾ ಸಣ್ಣಾಕಿ ಇದ್ದಾಗ ದಸರಾ ಹೊತ್ತಿಗಿ ತಾಂಡಾದ ಹೆಣ್ಮಕ್ಳು ಬುಟ್ಟಿ ತುಂಬ ಸೀತಾಫಲ ಹೊತಗೊಂಡು ನಮ್ಮ ಓಣಿಗಿ ಬರ್ತಿದ್ರು. ಕನ್ನಡಿ ಬಿಲ್ಲಿ ಹಚ್ಚಿದ ಫೇಟ್ಯಾ, ಕೈ ತುಂಬ ಬಳಿ. ನಮ್ಮವ್ವ ದುಡ್ಡು ಕೊಡಾಂಗಿಲ್ಲ, ಜ್ವಾಳ ಅಳದು ಹಾಕ್ತಿದ್ಳು. ಅವರು ತಮ್ಮ ತಮ್ಮೊಳಗ ಗೋರ್‌ಬೋಲಿ, ನಮ್ಮ ಕೂಡ ಕನ್ನಡ, ಗುಡ್ಡದ ಆ ಕಡಿ ಕೊಂಚಾವರಂದಾಗ ತೆಲುಗು, ಶೇಟ್ಜಿ ಅಂಗಡ್ಯಾಗ ಉರ್ದು. ನಾಲ್ಕು ಭಾಷಾ ಬರೋ ಆ ಹೆಣ್ಮಕ್ಳಿಗಿ ನಾವು ಓದು ಬರಾಂಗಿಲ್ಲ ಅಂತಿದ್ದಿವಿ.

ಈಗ ನೀರಿನ ಹಿಂದ ಹೋಗ್ರಿ. ಮುಲ್ಲಾಮಾರಿ ಬೀದರ ಕಡಿಂದ ಚಿಂಚೋಳಿ ಹಾದು ಬಂದು ಕಾಗಿಣಾಕ್ಕ ಕೂಡ್ತದ. ಕಾಗಿಣಾ ತೆಲಂಗಾಣದ ವಿಕಾರಾಬಾದ ಕಡಿ ಗುಡ್ಡದಾಗ ಹುಟ್ಟಿ ತಾಂಡೂರ ದಾಟಿ ನಮ್ಮ ಕಡಿ ಬರ್ತದ. ಬೆಣ್ಣೆತೊರೆನೂ ಇದಕ್ಕೇ ಕೂಡ್ತದ. ಮಳಖೇಡ ಮುಟ್ಟಿ, ಚಿತ್ತಾಪುರ ತಾಲೂಕಿನ ದಂಡೋತಿ ಹಾದು, ಶಹಾಬಾದ ಹತ್ತರ ಹೊನಗುಂಟಾದಾಗ ಭೀಮಾಕ್ಕ ಸೇರ್ತದ. ಒಂದೇ ನೀರಿನ ದಾರಿ. ನಮ್ಮ ಕಡಿ ಇತಿಹಾಸ ಅನ್ನಾದು ಹೆಚ್ಚಾಗಿ ಈ ದಾರಿ ಮಗ್ಗಲಿಗೇ ಕುಂತದ. ಇದು ನನಗ ಯಾರೂ ಹೇಳಿಕೊಟ್ಟಿದ್ದಲ್ಲ, ಎರಡು ದಿನ ಗಾಡ್ಯಾಗ ಕುಂತು ತಿರಗಿದಾಗ ಕಂಡಿದ್ದು. ಮ್ಯಾಲಿಂದ ನೀರು, ಕೆಳಗ ಸಿಗೋ ಕಲ್ಲು, ನಡುವ ಎರಿ ಹೊಲ. ರಾಜರಿಗಿ ಇನ್ನೇನು ಬೇಕು?

ಮಳಖೇಡ ಎರಡನೇ ದಿನ ಮುಂಜಾನೆ ಹೋದಿವಿ. ಕಾಗಿಣಾ ದಂಡಿಗಿ ಕ್ವಾಟಿ, ಒಳಗ ಊರು. ಈಗ ನಿಂತಿರೋ ಕ್ವಾಟಿ ಗ್ವಾಡಿ ನಂತರದ ಸುಲ್ತಾನರ, ನಿಜಾಮರ ಕಾಲದಾಗ ಕಟ್ಟಿ ತಿದ್ದಿದ್ದೇ ಹೆಚ್ಚು, ಆದ್ರ ಜಾಗಾ ರಾಷ್ಟ್ರಕೂಟರದು. ಗ್ವಾಡಿ ಪುರಾ ಫರಸಿ ಕಲ್ಲೇ, ನಮ್ಮ ಮನಿ ಗ್ವಾಡಿ ಹಂಗೇ ಒಂದರ ಮ್ಯಾಲ ಒಂದು ಇಟ್ಟಾರ. ಬೀಗರು ನಿವೃತ್ತ ಮಾಸ್ತರರು, ಅವರಿಗಿ ಅಲ್ಲಿ ನಿಂತು ಮೈ ಜುಂ ಅಂತಂತ.

ಅಮೋಘವರ್ಷ ನೃಪತುಂಗ 814ರಾಗ ಪಟ್ಟಕ್ಕ ಕುಂತಾಗ ಇನ್ನಾ ಹುಡುಗ. ಸುಮಾರು 64 ವರ್ಷ ರಾಜ್ಯ ಆಳ್ದ. ಇಲ್ಲಿಂದ. ಈ ಮಳಖೇಡದಿಂದ. ಅವನ ಕಾಲಕ್ಕ, 851ರ ಸುಮಾರಿಗಿ, ಸುಲೈಮಾನ್ ಅನ್ನೋ ಅರಬ್ ವ್ಯಾಪಾರಿಯ ಹೆಸರಲ್ಲಿರೋ ಬರಹದಾಗ ಲೋಕದ ನಾಲ್ಕು ದೊಡ್ಡ ಅರಸರ ಪಟ್ಟಿ ಅದ. ಬಗ್ದಾದಿನ ಖಲೀಫ, ಚೀನಾ ಚಕ್ರವರ್ತಿ, ರೂಮಿನ ದೊರಿ, ನಾಲ್ಕನೇದವ ಬಲ್ಹರಾ. ಬಲ್ಹರಾ ಅಂದ್ರ ವಲ್ಲಭರಾಜ, ಅಂದ್ರ ನಮ್ಮ ಮಳಖೇಡದ ದೊರಿ. ಮಹಾವೀರಾಚಾರ್ಯ ಅನ್ನೋ ಜೈನ ಪಂಡಿತರು ಗಣಿತಸಾರಸಂಗ್ರಹ ಬರದದ್ದೂ ಇದೇ ಅರಸನ ಕಾಲಕ್ಕ.

ನಮ್ಮಂಥ ಹೆಣ್ಮಕ್ಳಿಗಿ ಮನಸಿಗಿ ನಾಟೋದು ಬ್ಯಾರೇ ಕಥಿ. ಸಂಜಾನದಾಗ ಸಿಕ್ಕ 871ರ ತಾಮ್ರಪಟದಾಗ ಬರದಾರ, ರಾಜ್ಯಕ್ಕ ಏನೋ ಕೇಡು ಬಂದಾಗ ಅಮೋಘವರ್ಷ ತನ್ನ ಎಡಗೈ ಬಳ್ಳು ಕೊಯ್ದು ಮಹಾಲಕ್ಷ್ಮಿಗಿ ಅರ್ಪಸ್ದ ಅಂತ. ಆ ಮಹಾಲಕ್ಷ್ಮಿ ಕೊಲ್ಹಾಪುರದಾಕಿ ಅಂತ ವಿದ್ವಾಂಸರು ಹೇಳ್ತಾರ. ಜೈನ ಗುರು ಜಿನಸೇನರ ಶಿಷ್ಯ, ಅವನೇ ಲಕ್ಷ್ಮೀ ಭಕ್ತ. ನಮ್ಮ ಓಣ್ಯಾಗ ಶರಣರ ಗುಡಿಗೂ ಹೋಗಿ, ದರ್ಗಾಕ್ಕೂ ಸಕ್ಕರಿ ಓದಿಸಿ ಬರ್ತಾರಲ್ಲ, ಅದು ಇವತ್ತಿನ ಪದ್ಧತಿ ಅಲ್ಲ ಕಾಣ್ತದ. ಮಳಖೇಡದೊಳಗೇ ನೋಡ್ರಿ, ನೇಮಿನಾಥ ಬಸದಿ ಅದ, ಕಾಗಿಣಾ ದಂಡಿಗಿ ಉತ್ತರಾದಿ ಮಠದ ವೃಂದಾವನ ಅವ, ದರ್ಗಾ ಅದ. ಎಲ್ಲಾ ಒಂದು ಕೂಗಿನ ದೂರದಾಗ. 2020ರ ಅಕ್ಟೋಬರ್ ಮಳಿಯಾಗ ಕಾಗಿಣಾ ಉಕ್ಕಿ ಮಠದೊಳಗೇ ನೀರು ಹೊಕ್ಕಿತ್ತು. ಅದಕ್ಕ ಜೋರು ಮಳಿ ಇದ್ದಾಗ ಮಳಖೇಡ, ದಂಡೋತಿ ಕಡಿ ಹೊಂಡೋ ಮುಂದ ಸೇತುವಿ ಮ್ಯಾಲ ನೀರು ಬಂದದೇನು ಅಂತ ಮೊದಲ ಫೋನ್ ಮಾಡಿ ಕೇಳ್ರಿ.

ಇನ್ನ ಕವಿರಾಜಮಾರ್ಗ. ನಮಗ ಸಿಕ್ಕಿರೋ ಕನ್ನಡ ಪುಸ್ತಕದಾಗ ಎಲ್ಲಾಕಿಂತ ಹಳೇದು, ಸುಮಾರು 850ರದು, ನೃಪತುಂಗನ ಆಸ್ಥಾನದಾಗ ಶ್ರೀವಿಜಯ ಬರದದ್ದು ಅಂತಾರ. ಕನ್ನಡ ನಾಡು ಕಾವೇರಿಯಿಂದ ಗೋದಾವರಿ ತನಕ ಅದ ಅಂತ ಹೇಳಿದ್ದು ಅದೇ ಪುಸ್ತಕ. ಅದ್ರಾಗ ಒಂದು ಮಜಾ ಅದ. ತಿರುಳುಗನ್ನಡ, ಅಂದ್ರ ಅಪ್ಪಟ ಕನ್ನಡ, ಎಲ್ಲಿ ಆಡ್ತಾರ ಅಂತ ಹೇಳೋವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರಿನ ನಡುವಿನ ನಾಡು ಅಂತಾನ. ಅಂದ್ರ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡಿ. ರಾಜಧಾನಿ ಮಾನ್ಯಖೇಟದ ಹೆಸರು ಆ ಸಾಲಿನಾಗ ಇಲ್ಲ! ತಾವು ಉಂಡ ಊರಿನ ಕನ್ನಡ ಅವರಿಗಿ ಪಾಸಾಗ್ಲಿಲ್ಲ. ಬೀಗರು ಇದು ಹೇಳಿ ಜೋರ್ ನಕ್ಕರು, ಯಾಕಂದ್ರ ಎರಡು ದಿನದಿಂದ ಅವರ ಮೊಮ್ಮಗ ನನ್ನ ಮಾತು ಕೇಳಿ "ಅಜ್ಜಿ, ಇವರು ಯಾವ ಭಾಷೆ ಮಾತಾಡ್ತಾರೆ" ಅಂತಿದ್ದ. ಆದ್ರ ಅದೇ ಪುಸ್ತಕದಾಗ ಇನ್ನೊಂದು ಮಾತೂ ಅದ ಅಂತ ಅವರೇ ಹೇಳಿದ್ರು. ದೇಸಿ ಕನ್ನಡ ಊರೂರಿಗಿ ಬ್ಯಾರೇ ಬ್ಯಾರೇ, ಅದರಾಗ ತಪ್ಪು ಹುಡುಕ್ಕೋತ ಹೋದ್ರ ಸಾವಿರ ಹೆಡಿ ವಾಸುಕಿಗೂ ಬ್ಯಾಸರ ಬಂದೀತು ಅನ್ನೋ ಅರ್ಥದ ಮಾತು. ಆ ಎರಡನೇ ಮಾತು ನನಗ ಸಾಕು.

ಮಳಖೇಡದ ಸುಖ ಭಾಳ ದಿನ ಉಳೀಲಿಲ್ಲ. 972ರಾಗ ಮಾಳವದ ಪರಮಾರ ಸೀಯಕ ಬಂದು ಊರು ಸೂರೆ ಹೊಡದ. ಅದಕ್ಕ ಏಳೆಂಟು ವರ್ಷದ ಹಿಂದಷ್ಟೇ ಇಲ್ಲೇ ಕುಂತು ಪುಷ್ಪದಂತ ಅನ್ನೋ ಕವಿ ಅಪಭ್ರಂಶ ಭಾಷಾದಾಗ ಮಹಾಪುರಾಣ ಬರದು ಮುಗಿಸಿದ್ದ. ಸುಟ್ಟ ಊರು ನೋಡಿ, ಇನ್ನ ನಾ ಎಲ್ಲಿ ಇರ್ಲಿ ಅಂತ ಅತ್ತಾನಂತ. ಮುಂದಿನ ವರ್ಷವೇ ತೈಲಪ ಬಂದ, ರಾಷ್ಟ್ರಕೂಟರ ಕಥಿ ಮುಗೀತು. ಆಮ್ಯಾಲ ಚಾಲುಕ್ಯರು ರಾಜಧಾನಿ ಕಲ್ಯಾಣಕ್ಕ ಒಯ್ದರು, ಇವತ್ತಿನ ಬಸವಕಲ್ಯಾಣ.

ಆ ಚಾಲುಕ್ಯರ ಕಾಲದ್ದೇ ಚಿತ್ತಾಪುರದ ನಾಗಾವಿ. ನಾವೆಲ್ಲಾ ಯಲ್ಲಮ್ಮನ ಜಾತ್ರಿಗಿ ಹೋಗಿ ಕಾಯಿ ಒಡಸಿ ಬರ್ತೀವಿ, ಹಿಂದಿನ ಅರವತ್ತು ಕಂಬದ ಗುಡಿ ನೆಳ್ಳಾಗ ಬುತ್ತಿ ಬಿಚ್ಚಿ ಉಣ್ತೀವಿ. ಅಲ್ಲಿ ಘಟಿಕಾಸ್ಥಾನ ಇತ್ತು, ಅಂದ್ರ ಕಾಲೇಜು. 1058ರ ಶಾಸನದಾಗ ಅಲ್ಲಿ ಓದೋ ಹುಡುಗರಿಗಿ, ಕಲಿಸೋ ಗುರುಗಳಿಗಿ ಭೂಮಿ ಬಿಟ್ಟ ಲೆಕ್ಕ ಅದ. ಅದ್ರಾಗ ಆರು ಮಂದಿ ಸರಸ್ವತಿ ಭಂಡಾರಿಗಳೂ ಇದ್ರು, ಪುಸ್ತಕ ಕಾಯೋರು. ಒಂದು ಊರಾಗ ಆರು ಮಂದಿ ಲೈಬ್ರರಿಯನ್! ಈಗ ನಮ್ಮ ಕಡಿ ಪೂರಾ ಹೋಬಳಿಗಿ ಹುಡುಕಿದ್ರ ಸಿಗಾಂಗಿಲ್ಲ. ಆ ನಾಗಾವಿ ಶಾಸನ ಓದಿ 1928ರಾಗೇ ನಿಜಾಮರ ಪುರಾತತ್ವ ಇಲಾಖೆ ಪುಸ್ತಕ ಮಾಡ್ಯಾದ. ನಮಗೇ ಗೊತ್ತಿಲ್ಲ.

ನಿಜಾಮರ ಮಾತು ಬಂತಂದ್ರ ವಾಡಿ ಟೇಸನ್ ಬಿಡಾಂಗಿಲ್ಲ. ಮುಂಬೈ ಕಡಿಂದ ಬಂದ ರೈಲು ದಾರಿ 1871ರಾಗ ರಾಯಚೂರ ಮುಟ್ಟಿತು. ಹೈದರಾಬಾದ ದೂರ ಉಳೀತು. ಅದಕ್ಕ ನಿಜಾಮ ಸರ್ಕಾರ ತನ್ನ ರೊಕ್ಕದಾಗೇ ವಾಡಿಯಿಂದ ಸಿಕಂದರಾಬಾದಕ್ಕ ದಾರಿ ಹಾಕಿಸ್ತು, 1874ರಾಗ ಗಾಡಿ ಓಡಿತು. ಬರೇ ಬೈಲಾಗಿದ್ದ ವಾಡಿ ಅವತ್ತಿಂದ ಜಂಕ್ಷನ್. ರೈಲು ಬಂತು ಅಂದ ಮ್ಯಾಲ ಶಹಾಬಾದ ಕಲ್ಲು ದೂರ ದೂರ ಹೋಯ್ತು. ಅದೇ ಕಲ್ಲು ಸುಟ್ಟರ ಸಿಮೆಂಟ್ ಆಗ್ತದ ಅಂತ ನಿಜಾಮರ ಕಾಲಕ್ಕೇ ಶಹಾಬಾದಾಗ ಕಾರ್ಖಾನಿ ಬಂತು, 1968ರಾಗ ವಾಡಿಯೊಳಗ, ಆಮ್ಯಾಲ ಸೇಡಂ, ಮಳಖೇಡದಾಗ. ನಮ್ಮ ತಲಿಮಾರಿನ ಗಂಡಸರ ಪಗಾರ ಎಷ್ಟೋ ಮನ್ಯಾಗ ಇದೇ ಕಲ್ಲಿನಿಂದ ಬಂದದ.

ನಮ್ಮ ಅಜ್ಜಿ ಸಾಯೋ ತನಕ ರೂಪಾಯಿಗಿ ಹಾಲಿ ರೂಪಾಯಿ ಅಂತಿದ್ಳು. 1948ರ ಸಪ್ಟೆಂಬರ್ 17ರ ತನಕ ನಾವು ನಿಜಾಮರ ಮಂದಿ, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯದ ಮಂದಿ ಆದಿವಿ. ಸಾಲ್ಯಾಗ ಉರ್ದು, ಮನ್ಯಾಗ ಕನ್ನಡ. ದವಾಖಾನಿ, ತಹಸೀಲು, ಜರಾ, ಖರೇ, ಇವೆಲ್ಲಾ ಆ ಕಾಲದ ಗಂಟು. ಕಡಿಮಿ ಏನಲ್ಲ.

ಕಡೀಕ ಸನ್ನತಿ. ಭೀಮಾ ದಂಡಿ ಮ್ಯಾಲ ಚಂದ್ರಲಾಂಬಾ ಗುಡಿ, ನಿಮ್ಮೊಳಗ ಎಷ್ಟೋ ಮಂದಿಗಿ ಮನಿದೇವರು. 1986ರಾಗ ಆ ಗುಡಿ ಆವರಣದಾಗಿನ ಕಾಳಿ ಗುಡಿಯ ಛತ್ತು ಕುಸದು ಬಿತ್ತು, ಮೂರ್ತಿ ಒಡೀತು. ಮೂರ್ತಿ ಕೆಳಗಿನ ಪೀಠದ ಕಲ್ಲು ತೆಗದು ನೋಡಿದ್ರ ಅದರ ಎರಡೂ ಮಗ್ಗಲು ಬ್ರಾಹ್ಮಿ ಅಕ್ಷರ. ಸಾಮ್ರಾಟ ಅಶೋಕನ ಶಾಸನ, ಎರಡು ಸಾವಿರದ ಎರಡುನೂರು ವರ್ಷಕ್ಕೂ ಹಳೇದು. ಅದ್ರಾಗಿನ ಎರಡು ಶಾಸನ ಹಿಂದ ಒಡಿಶಾದ ಧೌಲಿ, ಜೌಗಡದಾಗ ಬಿಟ್ಟು ಬ್ಯಾರೇ ಎಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಅವನ ಹನ್ನೆರಡನೇ ಶಾಸನ, ಪರರ ಧರ್ಮಾನ ಹೀಯಾಳಸಬ್ಯಾಡ್ರಿ, ಗೌರವ ಕೊಡ್ರಿ ಅಂತ ಹೇಳೋದು. ಮೂರ್ತಿ ನಿಲ್ಲಸ್ಲಾಕ ಯಾರೋ ಯಾವಾಗೋ ಆ ಕಲ್ಲಿನ ನಡುವ ಚೌಕ ತೂತು ಕೊರದಾರ. ಅಷ್ಟು ಅಕ್ಷರ ಹೋಗ್ಯಾವ. ಬೀಗರು ಫೋನ್ಯಾಗ ಅದರ ಫೋಟೋ ತೋರಿಸಿದ್ರು.

ಅಲ್ಲಿಂದ ಮೂರು ಕಿಲೋಮೀಟರ್ ದೂರಕ್ಕ ಕನಗನಹಳ್ಳಿ. 1994ರಿಂದ ಅಲ್ಲಿ ಅಗದ ಮ್ಯಾಲ ದೊಡ್ಡ ಬೌದ್ಧ ಸ್ತೂಪ ಸಿಕ್ಕದ, ಅಧೋಲೋಕ ಮಹಾಚೈತ್ಯ ಅಂತ ಅದರ ಹೆಸರು. ಫರಸಿ ಕಲ್ಲಿನ ಹಾಸಿನ ಮ್ಯಾಲೇ ಹೂವು, ಆನಿ, ಗಂಡಸರು, ಹೆಂಗಸರು, ಮನಿ ಮಾಳಗಿ ಕೆತ್ಯಾರ. ಒಂದು ಕಲ್ಲಿನ ಮ್ಯಾಲ ರಾಜ, ಅವನ ಬಾಜೂಕ ರಾಣೇರು, ಕೊಡಿ ಹಿಡದಾಕಿ, ಚಾಮರ ಬೀಸೋಾಕಿ. ಕೆಳಗ ಸಣ್ಣಗ ಬರದಾರ, ರಾಯೋ ಅಸೋಕೋ ಅಂತ. ಇದು ಅಶೋಕ ಅಂತ ಹೆಸರು ಬರದ ಹಳೇ ಶಿಲ್ಪ, ದೇಶಕ್ಕೆಲ್ಲಾ ಸುದ್ದಿಯಾದದ್ದು. ಆ ಕಲ್ಲು ಭಾಳ ವರ್ಷ ಬೈಲಾಗ ಬಿಸಿಲು ಮಳಿಗಿ ಬಿದ್ದಿದ್ವು.

ಅಲ್ಲಿ ನಿಂತು ಬೀಗರು ನನ್ನ ಮಗಳಿಗಿ ಹೇಳ್ಲಾಕ ಹತ್ತಿದ್ರು. ಇಂಥಾ ಶಾಸನ ಬರೇ ದೊಡ್ಡ ರಾಜರದೇ ಅಲ್ಲಮ್ಮ, ಹಳ್ಳಿ ಹಳ್ಳಿಯಲ್ಲೂ ಇರ್ತವೆ, ಮೇಲೆ ಸೂರ್ಯ ಚಂದ್ರ, ಪಕ್ಕದಲ್ಲಿ ಆಕಳು ಕರು ಕೆತ್ತಿದ್ದರೆ ಅದು ದಾನದ ಶಾಸನ, ಸೂರ್ಯ ಚಂದ್ರ ಇರೋವರೆಗೂ ಈ ದಾನ ನಡೆಯಲಿ ಅಂತ ಅದರ ಅರ್ಥ. ನನ್ನ ಮಗಳು ನನ್ನ ಮಾರಿ ನೋಡಿದ್ಳು. ನಾ ನೆಲ ನೋಡ್ದೆ.

ಈಗ ಹೇಳ್ತೀನಿ. ನಾ ಮದುವಿಯಾಗಿ ಬಂದಾಗ ನಮ್ಮ ಹಿತ್ತಲದಾಗ ಬಾವಿ ಬಾಜೂಕ ಅರಬಿ ಒಗೆಯೋ ಕಲ್ಲಿತ್ತು. ನಮ್ಮ ಮಾವನ ಅಪ್ಪ ಹೊಲದಾಗಿಂದ ಬಂಡಿ ಮ್ಯಾಲ ಹೇರ್ಕೊಂಡು ತಂದದ್ದಂತ. ಅದರ ಮ್ಯಾಲ ಸೂರ್ಯ, ಚಂದ್ರ, ಆಕಳು, ಆಕಳದ ಕೆಳಗ ಕರು. ಕೆಳಗ ಸಾಲು ಸಾಲು ಅಕ್ಷರ, ನಮ್ಮ ಅಕ್ಷರದಂಗೇ ದುಂಡಗ, ಆದ್ರ ಓದ್ಲಾಕ ಬರಾಂಗಿಲ್ಲ. ಅತ್ತಿ ಅದರ ಮ್ಯಾಲ ಕಾಲಿಡಗೊಡ್ತಿದ್ದಿಲ್ಲ, ಅರಬಿ ಒಗದು ನೀರು ಸುರದು ಕೈ ಮುಗೀತಿದ್ಳು. ಹತ್ತು ವರ್ಷ ನಾ ಅದೇ ಕಲ್ಲಿನ ಮ್ಯಾಲ ಒಗದೀನಿ. ಸಾಬಾಣ ತಿಕ್ಕಿ ತಿಕ್ಕಿ ಅಕ್ಷರ ಸವದವ. ಮಗಳು ಸಣ್ಣಾಕಿ ಇದ್ದಾಗ ಅಳ್ಳಾಕ ಹತ್ತಿದ್ರ, ನೋಡು ಆಕಳ ಕರಾ ಅಂತ ತೋರಸಿ ಸುಮ್ನ ಮಾಡ್ತಿದ್ದೆ.

ಅತ್ತಿ ತೀರಿಕೊಂಡ ಮ್ಯಾಲ ಹಿಂದಿನ ಮನಿ ಕೆಡವಿ ಹೊಸಾದು ಕಟ್ಟಿದಿವಿ. ನಳ ಬಂತು, ಸಿಮೆಂಟಿನ ಕಟ್ಟಿ ಬಂತು. ಗೌಂಡಿ ಕೇಳ್ದ, ಬಾಯಿ, ಈ ಕಲ್ಲು ಏನು ಮಾಡ್ಲಿ? ಮನಿಯವರು ಊರಾಗ ಇದ್ದಿಲ್ಲ. ನಾನೇ ಅಂದೆ, ಜಾಗಾ ತಿಂತದ, ಪಾಯಾಕ್ಕ ಹಾಕು. ಅವ ಘಣ ತಗೊಂಡು ಒಡದ. ಒಂದು ದೊಡ್ಡ ತುಂಡು ಅಡಗಿ ಮನಿ ಹಿಂದಿನ ಬಾಗಲ ಕೆಳಗ ಹೋಯ್ತು, ಉಳಕಿದ್ದು ಪಾಯಾದಾಗ. ಯಾರಿಗೂ ಬ್ಯಾಸರ ಆಗ್ಲಿಲ್ಲ. ನನಗಂತೂ ಹಿತ್ತಲ ಸ್ವಚ್ಛ ಆಯ್ತು ಅಂತ ಖುಷಿನೇ ಆಗಿತ್ತು.

ಅದ್ರಾಗ ಏನು ಬರದಿತ್ತೋ. ಯಾರು ಯಾರಿಗಿ ಎಷ್ಟು ಹೊಲ ಬಿಟ್ಟಿದ್ರೋ, ಗುಡಿಗೋ, ಕೆರಿಗೋ, ಓದೋ ಹುಡುಗರ ಊಟಕ್ಕೋ. ಒಬ್ಬ ಹೆಣ್ಮಗಳ ಹೆಸರೂ ಇದ್ದಿರಬಹುದು. ಫೋಟೋ ಸುದ್ದಾ ಇಲ್ಲ. ಮಗಳ ಒಂದು ವರ್ಷದ ಹುಟ್ಟುಹಬ್ಬದ ಫೋಟೋದಾಗ ಹಿಂದ ಕಲ್ಲಿನ ಒಂದು ಮೂಲಿ ಕಾಣ್ತದ, ಅದರ ಮ್ಯಾಲ ಒದ್ದಿ ಲಂಗಾ ಹಾಕ್ಯಾರ. ಸನ್ನತಿಯಿಂದ ಬಂದ ರಾತ್ರಿ ಆ ಫೋಟೋ ತೆಗದು ಮಗಳೂ ನಾನೂ ಭಾಳ ಹೊತ್ತು ನೋಡಿದಿವಿ. ಲಂಗಾದ ಕೆಳಗ ಚಂದ್ರನ ಒಂದು ತುದಿ ಮಾತ್ರ ಕಾಣ್ತದ.

ಬೀಗತಿಗಿ ನಾ ಇದು ಹೇಳ್ಲಿಲ್ಲ. ಹೋಗೋವಾಗ ಆಕಿ ಕೈ ಹಿಡದು, "ನಿಮ್ಮ ದಿಬ್ಬ ಚೆನ್ನಾಗಿದೆ, ಮಳೆಗಾಲಕ್ಕೆ ಮತ್ತೆ ಬರ್ತೀವಿ" ಅಂದ್ಳು. ಬರ್ಲಿ. ಈ ಸಲ ರಟಕಲ್ ಹತ್ತರ ರೇವಗ್ಗಿ ಗುಡ್ಡದ ರೇವಣಸಿದ್ದೇಶ್ವರಕ್ಕೂ, ಸೇಡಂ ಕಡಿ ಯಾನಾಗುಂದಿ ಗುಡ್ಡಕ್ಕೂ ಕರಕೊಂಡು ಹೋಗ್ಬೇಕಂತ ಮಾಡೀನಿ.

ನಿಮ್ಮ ಕೂಡ ಒಂದು ಕೆಲಸ ಅದ. ನಿಮ್ಮ ಹಿತ್ತಲದಾಗ, ಹೊಲದ ಬದುವಿನ ಮ್ಯಾಲ, ಹಣಮಂದೇವರ ಗುಡಿ ಹಿಂದ ಅಕ್ಷರ ಇರೋ ಕಲ್ಲು ಇದ್ರ ಒಡೀಬ್ಯಾಡ್ರಿ, ಬಣ್ಣ ಸುಣ್ಣ ಬಡೀಬ್ಯಾಡ್ರಿ. ಮೊದಲ ಒಂದು ಫೋಟೋ ಹೊಡಕೊಳ್ರಿ. ಮುಂಜಾನೆ ಇಲ್ಲಾ ಸಂಜಿ ಬಿಸಿಲು ಅಡ್ಡ ಬೀಳೋ ಹೊತ್ತಿನಾಗ ಹೊಡದ್ರ ಅಕ್ಷರ ಎದ್ದು ಕಾಣ್ತಾವ, ಇದು ಬೀಗರು ಹೇಳಿಕೊಟ್ಟಿದ್ದು. ಕಲಬುರಗಿಯಾಗ ಸೇಡಂ ರಸ್ತೆಗೇ ಸರ್ಕಾರಿ ವಸ್ತುಸಂಗ್ರಹಾಲಯ ಅದ, ಹಳೇ ಗುಮ್ಮಟದಾಗ. ಅಲ್ಲ್ಯಾದ್ರೂ ತೋರಸ್ರಿ, ಇಲ್ಲಾ ಕಾಲೇಜಿನ ಇತಿಹಾಸ ಮಾಸ್ತರಿಗಿ ಕಳಸ್ರಿ.

ಮೊನ್ನಿ ಕಾರಹುಣ್ಣಿವಿ ಹೋಳಿಗಿ ಕೊಡ್ಲಾಕ ಹೋದಾಗ ಈ ಮಾತು ತೆಗದ್ರ ನಮ್ಮ ಹಿಂದಿನ ಓಣಿ ಅಕ್ಕ ಅಂದ್ಳು, ಆಕಿ ತವರುಮನಿ ಊರ ಬಾವಿ ಕಟ್ಟಿಗಿ ಆಕಳ ಕರು ಇರೋ ಕಲ್ಲು ಮಾರಿ ಕೆಳಗ ಮಾಡಿ ಹಾಸ್ಯಾರಂತ. ಇನ್ನಾ ಅದ. ಐತವಾರ ಮುಂಜಾನೆ ಇಬ್ಬರೂ ಮೊದಲನೇ ಬಸ್ಸಿಗಿ ಹೊಂಟೀವಿ, ಮಗಳು ಫೋನ್ ಚಾರ್ಜ್ ಮಾಡಿ ಕೊಡ್ತೀನಂದಾಳ.